ಎದೆಮೂಳೆ ಕೂಡಲಿ, ಹಾಯಿ ಏರಲಿ

ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋಗುವವರೆಲ್ಲ ಹಣ್ಣಿನ ಜೊತೆಗೆ ಒಂದು ಮಾತನ್ನೂ ತಪ್ಪದೆ ಒಯ್ಯುತ್ತಾರೆ: 'ಇನ್ನು ಮೇಲೆ ಆರಾಮಾಗಿ ಇದ್ದುಬಿಡಿ.' ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಕೇಳಿಸಿಕೊಂಡವರು ಅದನ್ನೇ ವ್ರತದಂತೆ ಹಿಡಿದರೆ ವರ್ಷ ಕಳೆಯುವುದರೊಳಗೆ ಮಹಡಿ ಹತ್ತುವುದು, ತರಕಾರಿ ಚೀಲ ಹಿಡಿಯುವುದು, ಬಸ್ಸಿನಲ್ಲಿ ಓಡಾಡುವುದು ಒಂದೊಂದಾಗಿ ಬಿಟ್ಟುಹೋಗುತ್ತವೆ. ಇಷ್ಟು ಕಷ್ಟಪಟ್ಟು ರಿಪೇರಿ ಮಾಡಿಸಿದ ಹೃದಯಕ್ಕೆ ಮಾಡಲು ಕೆಲಸವೇ ಇರುವುದಿಲ್ಲ.

ನಾವಿರುವ ಬೆಂಗಳೂರಿನ ಉತ್ತರಹಳ್ಳಿಯ ಕಡೆ ಇದು ಅಪರೂಪದ ಸಂಗತಿಯೇನಲ್ಲ. ಬೆಳಗ್ಗೆ ದೊರೆಕೆರೆಯ ಬಳಿ ವಾಕಿಂಗ್ ಹೋದರೆ ಶರ್ಟಿನ ಮೇಲಿನ ಗುಂಡಿ ಬಿಚ್ಚಿದ ಜಾಗದಲ್ಲಿ ನೆಟ್ಟಗೆ ಇಳಿದ ಗಾಯದ ಗೆರೆ ಕಾಣಿಸುವವರು ಯಾರಾದರೂ ಎದುರಾಗುತ್ತಾರೆ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಇಲ್ಲಿಗೆ ದೂರವಲ್ಲ. ಸುತ್ತಮುತ್ತ ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. 'ತ್ರಿಬಲ್ ಆಯ್ತು', 'ನಾಲ್ಕು ಕಡೆ ಬ್ಲಾಕ್ ಇತ್ತು' ಎಂಬ ಮಾತುಗಳು ನಮ್ಮ ಬಡಾವಣೆಗಳ ದಿನನಿತ್ಯದ ಮಾತಾಗಿಬಿಟ್ಟಿವೆ.

ನಮ್ಮ ರಸ್ತೆಯಲ್ಲೇ ಇರುವ ನಿವೃತ್ತ ಸುಬೇದಾರರೊಬ್ಬರು ಆಪರೇಷನ್ ಆದ ಮೇಲೆ ಕೇಳಿದ ಪ್ರಶ್ನೆ ಮಾತ್ರ ಬೇರೆಯವರು ಕೇಳುವಂಥದ್ದಲ್ಲ. ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಬೆಂಗಳೂರಿನಲ್ಲೇ ನೆಲೆಯಿರುವ ಸೇನೆಯ ಎಂಜಿನಿಯರ್ ದಳದಲ್ಲಿ, ಇದ್ದವರು. ಹಲಸೂರು ಕೆರೆಯಲ್ಲಿ ಹಾಯಿದೋಣಿ ಬಿಡುವುದನ್ನು ಕಲಿತು, ನಿವೃತ್ತಿಯ ನಂತರವೂ ಸ್ನೇಹಿತರ ಜೊತೆ ಕೃಷ್ಣರಾಜಸಾಗರದ ಹಿನ್ನೀರಿಗೆ ಹೋಗಿ ಬರುತ್ತಿದ್ದವರು. ಡಿಸ್ಚಾರ್ಜ್ ದಿನ ಅವರು ಕೇಳಿದ್ದು ಇಷ್ಟೇ: 'ಡಾಕ್ಟ್ರೇ, ದೋಣಿಗೆ ಯಾವಾಗ ಹೋಗ್ಬಹುದು?' ಡಾಕ್ಟರು ನಕ್ಕು, 'ಸುಮ್ನೆ ಕೂತ್ಕೊಂಡು ಬರೋದಕ್ಕೇನಂತೆ, ಒಂದು ತಿಂಗಳು ಬಿಟ್ಟು ಹೋಗಿ' ಅಂದುಬಿಟ್ಟರಂತೆ. ಅವರ ತಲೆಯಲ್ಲಿದ್ದದ್ದು ಟಿಕೆಟ್ ತೆಗೆದುಕೊಂಡು ಕೆರೆ ಸುತ್ತಿ ಬರುವ ದೋಣಿ. ಸುಬೇದಾರರು ಕೇಳಿದ್ದು ಗಾಳಿಯ ಜೊತೆ ಹಗ್ಗಜಗ್ಗಾಟ ಆಡಿಸುವ ದೋಣಿ. ಕೈಗೆ ಬಂದ ಡಿಸ್ಚಾರ್ಜ್ ಹಾಳೆಯಲ್ಲಿ ಉಪ್ಪು, ಎಣ್ಣೆ, ತೆಂಗಿನಕಾಯಿಯ ಬಗ್ಗೆ ಅರ್ಧ ಪುಟ ಇತ್ತು. ಕೈಕಾಲಿನ ಕೆಲಸದ ಬಗ್ಗೆ ಇದ್ದದ್ದು ಒಂದೇ ಸಾಲು: ಭಾರ ಎತ್ತಬೇಡಿ.

ಎಷ್ಟು ಭಾರ? ಎಷ್ಟು ದಿನ? ಎಳೆಯಬಹುದೇ, ತಳ್ಳಬಹುದೇ? ಆ ಒಂದು ಸಾಲನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಹಾಯಿದೋಣಿ ಇಲ್ಲಿ ನೆಪವೂ ಹೌದು, ವಿಷಯವೂ ಹೌದು.

ಮೊದಲು ಆಪರೇಷನ್ನಿನಲ್ಲಿ ಆಗುವುದೇನೆಂದು ನೋಡೋಣ. ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ಸಣ್ಣ ಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗಿರುತ್ತದೆ. ಸರ್ಜನ್ ಆ ಅಡಚಣೆಯನ್ನು ಕೆರೆದು ತೆಗೆಯುವುದಿಲ್ಲ. ದೇಹದ ಬೇರೆ ಕಡೆಯಿಂದ ರಕ್ತನಾಳ ತಂದು, ಅಡಚಣೆಯ ಆಚೆಗೆ ಹೊಲಿದು, ರಕ್ತಕ್ಕೆ ಬಳಸುದಾರಿ ಮಾಡಿಕೊಡುತ್ತಾರೆ. ಕಾಲಿನ ಅಭಿಧಮನಿಯನ್ನು ಬಳಸಿ ಈ ವಿಧಾನವನ್ನು ನೆಲೆಗೊಳಿಸಿದವರು ಅರ್ಜೆಂಟೀನಾದ ರೆನೆ ಫವಲೊರೊ. ಸುಮಾರು 12 ವರ್ಷ ತಮ್ಮ ದೇಶದ ಒಂದು ಸಣ್ಣ ಊರಿನಲ್ಲಿ ಹಳ್ಳಿ ಡಾಕ್ಟರಾಗಿದ್ದು, ಆಮೇಲೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿದವರು. ಅವರ ಆ ಮೊದಲ ಆಪರೇಷನ್ ನಡೆದದ್ದು 1967ರ ಮೇ ತಿಂಗಳಲ್ಲಿ. ಅದೇ ಮೇ 28ರಂದು, 65 ವರ್ಷದ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಇಂಗ್ಲೆಂಡಿನ ಪ್ಲಿಮತ್ ಬಂದರಿಗೆ ಮರಳಿದರು. ಅದಕ್ಕೂ ಮುಂಚಿನ ಹತ್ತು ವರ್ಷದೊಳಗೆ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ವೈದ್ಯರು ಹೇಳಿದ್ದರು. ಈ ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೂ ಒಂದೇ ತಿಂಗಳಲ್ಲಿ ಎರಡೂ ನಡೆದವು ಎಂದು ಓದಿದಾಗ ನನಗೆ ಖುಷಿಯಾಯಿತು. ಭಾರತದಲ್ಲಿ ಮೊದಲ ಬೈಪಾಸ್ ಮಾಡಿದ್ದು ಡಾ. ಕೆ. ಎಂ. ಚೆರಿಯನ್, 1975ರಲ್ಲಿ, ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ.

ಇವತ್ತು ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಾಳಗಳನ್ನು ಬಳಸುತ್ತಾರೆ. ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು ಇಳಿಯುವ ಎಡಗಡೆಯ ಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುತ್ತಾರೆ. ಇದು ಬಹಳ ಗಟ್ಟಿ. ಹತ್ತು ವರ್ಷದ ಮೇಲೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಮಿಕ್ಕ ಕಡೆಗೆ ಕಾಲಿನ ಅಭಿಧಮನಿ, ಇಲ್ಲವೇ ಮುಂಗೈಯ ಧಮನಿ. ಕಾಲಿನದಕ್ಕೆ ಅಷ್ಟು ಬಾಳಿಕೆ ಇಲ್ಲ. ಸಿಗರೇಟು, ಶುಗರ್, ಕೊಲೆಸ್ಟರಾಲ್ ಹಿಡಿತದಲ್ಲಿಲ್ಲದಿದ್ದರೆ ಹೊಸ ದಾರಿಯೂ ಕಟ್ಟಿಕೊಳ್ಳುತ್ತದೆ. ಮಾತ್ರೆ ಜೀವನಪರ್ಯಂತ ಅನ್ನುವುದು ಇದಕ್ಕೇ.

ಆಪರೇಷನ್ ಚೆನ್ನಾಗಿ ಆಗಿದ್ದರೆ, ಹಿಂದಿನ ಹಾರ್ಟ್ ಅಟ್ಯಾಕ್‌ನಿಂದ ಹೃದಯಕ್ಕೆ ದೊಡ್ಡ ಏಟು ಬಿದ್ದಿಲ್ಲದಿದ್ದರೆ, ಮನೆಗೆ ಬಂದವರ ಹೃದಯಕ್ಕೆ ಆಪರೇಷನ್ನಿಗೆ ಮುಂಚೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ರಕ್ತ ಸಿಗುತ್ತಿರುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಿದ್ದುದು ನಿಂತಿರುತ್ತದೆ. ಜನ ಮುಟ್ಟಿದರೆ ಎಲ್ಲಿ ಒಡೆದೀತೋ ಎಂದು ಹೆದರುವುದು ಹೃದಯಕ್ಕೆ. ಆದರೆ ಮೊದಲ ಮೂರು ತಿಂಗಳು ಕಾಯಬೇಕಾದದ್ದು ಎದೆಮೂಳೆಯನ್ನು.

ಕುತ್ತಿಗೆಯ ಬುಡದಿಂದ ಹೊಟ್ಟೆಯ ಮೇಲ್ಭಾಗದ ತನಕ ಇರುವ ಆ ಚಪ್ಪಟೆ ಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಎರಡೂ ಬದಿ ಅಗಲಿಸಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಬಿಗಿದಿರುತ್ತಾರೆ. ಆರೋ ಏಳೋ ತಂತಿ. ಎಕ್ಸ್‌ರೇ ತೆಗೆಸಿದರೆ ಸಾಲಾಗಿ ಕಾಣುತ್ತವೆ. ಮುರಿದ ಕೈಗೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಡಬಹುದು. ಈ ಮೂಳೆಗೆ ಆ ಭಾಗ್ಯವಿಲ್ಲ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬುಗಳು ಅದನ್ನು ಆಚೀಚೆ ಜಗ್ಗುತ್ತಲೇ ಇರುತ್ತವೆ. ಹೀಗೆ ಜಗ್ಗಿಸಿಕೊಳ್ಳುತ್ತಲೇ ಅದು 8ರಿಂದ 12 ವಾರಗಳಲ್ಲಿ ಕೂಡಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ಸಿಗರೇಟು ಬಿಡದವರಿಗೆ, ತೂಕ ಹೆಚ್ಚಿರುವವರಿಗೆ ಇನ್ನೂ ತಡ. ಕೆಮ್ಮು ಬಂದಾಗ ದಿಂಬು ಅಪ್ಪಿಕೊಳ್ಳಿ, ಹಾಸಿಗೆಯಿಂದ ಏಳುವಾಗ ಕೈ ಊರಬೇಡಿ, ಮಗ್ಗುಲಾಗಿ ಹೊರಳಿ ಏಳಿ ಎಂದು ಫಿಸಿಯೊ ಹೇಳಿಕೊಡುವುದು ಈ ಮೂಳೆಗಾಗಿ.

ಮಲಗಿದಾಗ 'ಕಟಕ್' ಎಂದು ಎದೆಯೊಳಗೆ ಸದ್ದಾದರೆ, ಗಾಯದಿಂದ ನೀರು ಒಸರಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಂತಿ ಸಡಿಲವಾಗಿ ಮೂಳೆ ಬಿಟ್ಟುಕೊಂಡರೆ, ಇಲ್ಲವೇ ಸೋಂಕು ತಗುಲಿದರೆ, ಅದು ಮೊದಲ ಆಪರೇಷನ್ನಿಗಿಂತ ದೊಡ್ಡ ತಾಪತ್ರಯ. ಇಷ್ಟು ತಿಳಿದವರಿಗೆ 'ಭಾರ ಎತ್ತಬೇಡಿ' ಎಂಬ ಸಾಲಿನ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ಮೊದಲ ಕೆಲವು ವಾರ ಎರಡು ಮೂರು ಕಿಲೋಗಿಂತ ಹೆಚ್ಚು ಬೇಡ. ಎರಡೂ ಕೈಗಳನ್ನು ದೇಹದಿಂದ ದೂರ ಚಾಚಿ ಎಳೆಯುವುದು, ತಳ್ಳುವುದು ಬೇಡ. ಮೊಳಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ಮಾಡುವ ಸಣ್ಣಪುಟ್ಟ ಕೆಲಸಕ್ಕೆ ಅಷ್ಟು ಭಯ ಬೇಡ.

ಇನ್ನು ಹಾಯಿದೋಣಿಗೆ ಬರೋಣ. ನಮ್ಮ ಒಳನಾಡಿನ ಕೆರೆ, ಹಿನ್ನೀರುಗಳಲ್ಲಿ ಬಿಡುವುದು ಸಣ್ಣ ದೋಣಿಗಳನ್ನು. ಒಬ್ಬರೇ ನಡೆಸುವ ಲೇಸರ್, ಇಬ್ಬರು ನಡೆಸುವ ಎಂಟರ್‌ಪ್ರೈಸ್. ಲೇಸರ್ ದೋಣಿಯ ಒಡಲು ಹೆಚ್ಚುಕಡಿಮೆ 59 ಕಿಲೋ, ಹಾಯಿ 7 ಚದರ ಮೀಟರ್. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಯನ್ನು ಬಿಗಿಮಾಡುವ, ಸಡಿಲಿಸುವ ಹಗ್ಗ. ದೋಣಿಯವರು ಇದಕ್ಕೆ ಶೀಟ್ ಎನ್ನುತ್ತಾರೆ. ಹಾಯಿಯ ಕೆಳಗಿನ ಅಡ್ಡ ಕೊಳವೆ ಬೂಮ್. ದೋಣಿ ದಿಕ್ಕು ಬದಲಿಸಿದಾಗ ಅದು ತಲೆಯ ಮಟ್ಟದಲ್ಲಿ ಈ ಕಡೆಯಿಂದ ಆ ಕಡೆಗೆ ಬೀಸಿಕೊಂಡು ಬರುತ್ತದೆ. ಕೂತವರು ಬಗ್ಗಿ, ಅದರಡಿ ನುಸುಳಿ, ಎದುರು ಬದಿಗೆ ಹೋಗಿ ಕೂರಬೇಕು. ಗಾಳಿ ಜೋರಾದರೆ ದೋಣಿ ವಾಲುತ್ತದೆ. ಅದನ್ನು ಸರಿದೂಗಿಸಲು ದೋಣಿಯ ತಳದಲ್ಲಿರುವ ಪಟ್ಟಿಗೆ ಪಾದ ಸಿಕ್ಕಿಸಿ, ಮೈಯನ್ನು ನೀರಿನ ಮೇಲಕ್ಕೆ ಹಿಂದಕ್ಕೆ ಚಾಚಬೇಕು. ಇದೇ ಹೈಕಿಂಗ್.

ಕ್ರೀಡಾ ವೈದ್ಯರ ಬಳಿ ಚಟುವಟಿಕೆಗಳ ಶ್ರಮವನ್ನು ಅಳೆಯುವ ಮೆಟ್ ಎಂಬ ಲೆಕ್ಕದ ಪಟ್ಟಿಯಿದೆ. ಸುಮ್ಮನೆ ಕೂತಿದ್ದಾಗ ದೇಹ ಬಳಸುವ ಆಮ್ಲಜನಕವೇ 1 ಮೆಟ್. ಹಾಯಿದೋಣಿ ವಿಹಾರಕ್ಕೆ ಆ ಪಟ್ಟಿ ಕೊಡುವ ಅಂಕ 3ರಿಂದ 3.3, ಸ್ಪರ್ಧೆಗೆ 4.5. ಚುರುಕಾದ ನಡಿಗೆಯೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ನೋಡಿ 'ಅಯ್ಯೋ ಇಷ್ಟೇನಾ, ದಿನಾ ಕೆರೆ ಸುತ್ತ ನಡೀತೀನಲ್ಲ' ಎಂದುಕೊಂಡರೆ ಮೋಸಹೋದಂತೆ. ಅದು ಇಡೀ ಅವಧಿಯ ಸರಾಸರಿ. ತಣ್ಣಗೆ ತೇಲುವ ಇಪ್ಪತ್ತು ನಿಮಿಷವೂ ಅದರಲ್ಲಿ ಸೇರಿದೆ. ಗಾಳಿ ಬಡಿದಾಗ ತೊಡೆ ನಡುಗುವಂತೆ ಮೈ ಚಾಚಿ ಹಗ್ಗ ಹಿಡಿದ ಒಂದು ನಿಮಿಷವೂ ಸೇರಿದೆ. ಆ ಒಂದು ನಿಮಿಷದಲ್ಲಿ ಸ್ನಾಯುಗಳು ಅಲುಗಾಡದೆ ಬಿಗಿದುಕೊಂಡಿರುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸಲೀಸಾಗಿ ಹರಿಯದೆ ಬಿಪಿ ಏರುತ್ತದೆ. ಜೊತೆಗೆ ನಮಗೇ ಗೊತ್ತಿಲ್ಲದಂತೆ ಉಸಿರು ಕಟ್ಟಿಬಿಡುತ್ತೇವೆ. ನಡಿಗೆಯಲ್ಲಿ ಈ ಬಗೆಯ ಶ್ರಮ ಇಲ್ಲವೇ ಇಲ್ಲ. ದಿನಕ್ಕೆ ಐದು ಕಿಲೋಮೀಟರ್ ನಡೆದವರೂ ಹಗ್ಗ ಹಿಡಿಯಲು ತಯಾರಾಗಿರುವುದಿಲ್ಲ.

ಗಾಳಿಯ ಲೆಕ್ಕವನ್ನೂ ತಿಳಿದಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 12 ಕಿಲೋಮೀಟರ್ ಗಾಳಿಯಲ್ಲಿ ಒಂದೇ ಕೈಯಲ್ಲಿ ಹಿಡಿದಿದ್ದ ಹಗ್ಗ 24 ಕಿಲೋಮೀಟರ್ ಗಾಳಿಗೆ ಬೇರೆಯದೇ ಹಗ್ಗವಾಗಿಬಿಡುತ್ತದೆ. ಹಾಗಾಗಿ 'ಹಾಯಿದೋಣಿಗೆ ಯಾವಾಗ?' ಎಂಬ ಪ್ರಶ್ನೆಗೆ ವಾರ ತಿಂಗಳುಗಳಲ್ಲಿ ಮಾತ್ರ ಉತ್ತರ ಹೇಳಲಾಗದು. ಎಂಥ ಗಾಳಿಗೆ ಎಂಬುದನ್ನೂ ಹೇಳಬೇಕು.

ನಾಳ ತೆಗೆದ ಜಾಗದ ಕಥೆ ಬೇರೆ ಇದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮುಂಗೈಯ ಧಮನಿ ತೆಗೆದಿದ್ದರೆ ಹೆಬ್ಬೆರಳಿನ ಬುಡದಲ್ಲಿ, ಅಂಗೈಯ ಹಿಂಭಾಗದಲ್ಲಿ ಕೆಲವು ತಿಂಗಳು ಜೋಮು ಇರಬಹುದು. ಒದ್ದೆ ಹಗ್ಗ ಬೆರಳ ನಡುವೆ ಜಾರುತ್ತಿರುವುದು ಜೋಮು ಹಿಡಿದ ಕೈಗೆ ತಡವಾಗಿ ಗೊತ್ತಾಗುತ್ತದೆ. ಕಾಲಿನ ಅಭಿಧಮನಿ ತೆಗೆದಿದ್ದರೆ ಸಂಜೆಯಾಗುತ್ತಲೇ ಪಾದದ ಗಂಟು ಊದುತ್ತದೆ. ಹೈಕಿಂಗ್ ಪಟ್ಟಿ ಒತ್ತುವುದು ಪಾದದ ಮೇಲ್ಭಾಗ, ಕಣಕಾಲಿನ ಸುತ್ತ. ಗಾಯದ ಗೆರೆ ಇಳಿದು ಬಂದಿರುವುದೂ ಬಹಳ ಸಲ ಅಲ್ಲಿಗೇ. ಇನ್ನು ಲೈಫ್ ಜಾಕೆಟ್ಟಿನ ಜಿಪ್ಪು ಮತ್ತು ಬಕಲ್ ಕೂರುವುದು ಸರಿಯಾಗಿ ಎದೆಯ ಗಾಯದ ಮೇಲೆ. ಸುಬೇದಾರರು ತಮ್ಮ ಹಳೆಯ ಜಾಕೆಟ್ಟನ್ನು ಮನೆಯ ಹಾಲಿನಲ್ಲೇ ಹಾಕಿಕೊಂಡು, ಒಳಗೆ ಮೆತ್ತನೆಯ ಹತ್ತಿ ಬನಿಯನ್ ಮಡಿಸಿಟ್ಟು ಟಿವಿ ನೋಡುತ್ತಾ ಕೂತಿರುತ್ತಿದ್ದರು. ಅವರ ಮೊಮ್ಮಗಳಿಗೆ ಅದೊಂದು ತಮಾಷೆ. ಅವರಿಗೆ ಎಲ್ಲಿ ಒತ್ತುತ್ತದೆ, ಎಷ್ಟು ಹೊತ್ತು ತಡೆಯಬಹುದು ಎಂಬುದರ ಪರೀಕ್ಷೆ.

ಎಲ್ಲಕ್ಕಿಂತ ಕಷ್ಟದ ಘಳಿಗೆ ದೋಣಿ ಮಗುಚಿದಾಗಿನದು. ಸಣ್ಣ ಹಾಯಿದೋಣಿ ಮಗುಚುವುದು ಅವಘಡವಲ್ಲ, ಆಟದ ಭಾಗ. ನೀರಿಗೆ ಬಿದ್ದವರು ದೋಣಿಯ ಅಡಿಯಿಂದ ಚಾಚಿಕೊಂಡಿರುವ ಹಲಗೆಯ ಮೇಲೆ ಭಾರ ಬಿಟ್ಟು ಜೋತುಬಿದ್ದು ದೋಣಿಯನ್ನು ನೆಟ್ಟಗೆ ಮಾಡಬೇಕು. ಆಮೇಲೆ ಎರಡೂ ಕೈಯಿಂದ ಅಂಚು ಹಿಡಿದು, ಎದೆಯನ್ನು ಅಂಚಿನ ಮೇಲೆ ಎಳೆದುಕೊಂಡು ಒಳಗೆ ಉರುಳಬೇಕು. ಎದೆಮೂಳೆಗೆ ಬೇಡ ಎಂದು ಫಿಸಿಯೊ ಎಣಿಸಿ ಹೇಳಿದ ಪ್ರತಿಯೊಂದು ಚಲನೆಯೂ ಈ ಅರ್ಧ ನಿಮಿಷದಲ್ಲಿ ಬರುತ್ತದೆ: ಚಾಚುವುದು, ಜೋತುಬೀಳುವುದು, ಎಳೆಯುವುದು, ಒತ್ತುವುದು. ಅದೂ ಒದ್ದೆ ಬಟ್ಟೆಯ ಭಾರ ಹೊತ್ತು, ಏದುಸಿರಿನಲ್ಲಿ. ಕತ್ತಿನ ತನಕ ನೀರಿನಲ್ಲಿದ್ದಾಗ ನೀರಿನ ಒತ್ತಡಕ್ಕೆ ಕೈಕಾಲು, ಹೊಟ್ಟೆಯ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಸುಮಾರು 700 ಮಿಲಿಲೀಟರಿನಷ್ಟು. ಆರೋಗ್ಯವಂತ ಹೃದಯಕ್ಕೆ ಅದು ಲೆಕ್ಕಕ್ಕಿಲ್ಲ, ದುರ್ಬಲ ಹೃದಯಕ್ಕೆ ಹೊರೆ. ನಮ್ಮ ಪುಣ್ಯಕ್ಕೆ ಇಲ್ಲಿನ ನೀರು ಯೂರೋಪಿನಂತೆ ಕೊರೆಯುವುದಿಲ್ಲ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದಾಗ ಉಸಿರು ಸಿಕ್ಕಿಕೊಂಡು ಹೃದಯ ಲಯ ತಪ್ಪುವ ಅಪಾಯ ಅಲ್ಲಿ ದೊಡ್ಡದು. ಕಾವೇರಿಯ ಹಿನ್ನೀರಿನಲ್ಲಿ ಆ ಚಿಂತೆ ಕಡಿಮೆ.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮಾತಿಗೆ ಬಂದೆ. ಬೈಪಾಸ್ ಆದವರ ಚೇತರಿಕೆಯನ್ನು 'ಏನು ಮಾಡಬಾರದು' ಎಂಬ ಕಡೆಯಿಂದ ಶುರುಮಾಡುವುದು ಸರಿಯಲ್ಲ. ಈ ಮನುಷ್ಯ ಯಾವ ಕೆಲಸಕ್ಕೆ ಮರಳಬೇಕು ಎಂದು ಮೊದಲು ಕೇಳಬೇಕು. ಆ ಕೆಲಸದಲ್ಲಿ ಎಷ್ಟು ಎಳೆಯಬೇಕು, ಎಷ್ಟು ಬಗ್ಗಬೇಕು, ಎಷ್ಟು ಹೊತ್ತು ತಡೆಯಬೇಕು ಎಂದು ಬಿಡಿಸಿ ನೋಡಿ, ಅಲ್ಲಿಂದ ಹಿಂದಕ್ಕೆ ತಯಾರಿಯ ಹೆಜ್ಜೆಗಳನ್ನು ಹಾಕಬೇಕು.

ಸುಬೇದಾರರ ಮನೆಯಲ್ಲಿ ನಡೆದದ್ದು ಇದೇ. ಮೂರು ತಿಂಗಳು ತುಂಬಿ, ಸರ್ಜನ್ ಎದೆ ಒತ್ತಿ ನೋಡಿ 'ಮೂಳೆ ಕೂಡಿದೆ' ಎಂದ ಮೇಲೆ, ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಸರಿಬಂದ ಮೇಲೆ, ಮನೆಗೆ ಬರುತ್ತಿದ್ದ ಫಿಸಿಯೊ ಹುಡುಗಿಗೆ ಅವರು ದೋಣಿ ನಡೆಸುವ ಒಂದು ವಿಡಿಯೊ ತೋರಿಸಿದರು. ಆಕೆ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, 'ಅಂಕಲ್, ಮನೇಲಿ ಬಾವಿ ರಾಟೆ ಇದೆಯಾ?' ಅಂದಳಂತೆ. ಟೆರೇಸಿನ ನೀರಿನ ಟ್ಯಾಂಕಿನ ಕಂಬಿಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಬಕೆಟ್ ಇಳಿಬಿಟ್ಟರು. ಬಕೆಟ್ಟಿನಲ್ಲಿ ಮೊದಲು ಎರಡು ಲೀಟರ್ ನೀರು. ಸುಬೇದಾರರು ಕುರ್ಚಿಯ ಮೇಲೆ ಕೂತು, ಮೊಳಕೈ ಪಕ್ಕೆಗೆ ತಾಗಿಸಿಕೊಂಡು, ಒಂದು ಕೈಯಿಂದ ಎಳೆದು, ಇನ್ನೊಂದು ಕೈಗೆ ಹಗ್ಗ ದಾಟಿಸಿ, ಮತ್ತೆ ಎಳೆಯುವುದು. ಎಳೆಯುವಾಗ ಉಸಿರು ಬಿಡಬೇಕು. ಬಿಟ್ಟದ್ದು ಗೊತ್ತಾಗಲಿ ಎಂದು ಅವರು ಜೋರಾಗಿ ಅಂಕಿ ಎಣಿಸುತ್ತಿದ್ದರು. ಪಕ್ಕದ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಗಿಹಾಕುವವರಿಗೆಲ್ಲ ಆ ಎಣಿಕೆ ಕೇಳಿಸುತ್ತಿತ್ತು. ವಾರಕ್ಕೆ ಒಂದು ಲೀಟರ್ ಹೆಚ್ಚು. ಮಾರನೆಯ ದಿನ ಎದೆ ನೋವಾದರೆ ಒಂದು ಲೀಟರ್ ಕಡಿಮೆ. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಊರದೆ ಏಳುವುದು. ಬೂಮ್ ಅಡಿ ನುಸುಳುವ ಅಭ್ಯಾಸಕ್ಕೆ ಬಟ್ಟೆ ಒಣಹಾಕುವ ಹಗ್ಗವನ್ನೇ ಎದೆಮಟ್ಟಕ್ಕೆ ಇಳಿಸಿ ಕಟ್ಟಿದ್ದರು. ಭಾನುವಾರ ತುರಹಳ್ಳಿ ಕಾಡಿನ ಬಂಡೆಯ ಏರು.

ಈ ತಯಾರಿಯಲ್ಲಿ ನಾಡಿ ನೋಡಿಕೊಂಡು ಶ್ರಮ ಅಳೆಯುವುದು ಕೆಲಸಕ್ಕೆ ಬಾರದು. ಬೈಪಾಸ್ ಆದ ಬಹುತೇಕರು ತೆಗೆದುಕೊಳ್ಳುವ ಬೀಟಾ ಬ್ಲಾಕರ್ ಮಾತ್ರೆ ಹೃದಯದ ಬಡಿತವನ್ನು ಒಂದು ಮಟ್ಟಕ್ಕಿಂತ ಮೇಲೆ ಏರಗೊಡುವುದಿಲ್ಲ. ಕೈಯ ಸ್ಮಾರ್ಟ್‌ವಾಚ್ 95 ತೋರಿಸುತ್ತಿದ್ದರೂ ಮೈ ಬಸವಳಿದಿರಬಹುದು. ಅದಕ್ಕೇ ಪುನಶ್ಚೇತನ ಕೇಂದ್ರಗಳಲ್ಲಿ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರ ಅಳತೆ ಬಳಸುತ್ತಾರೆ. ಎಷ್ಟು ದಣಿವು ಅನ್ನಿಸುತ್ತಿದೆ ಎಂದು ನೀವೇ ಅಂಕ ಹೇಳುವುದು. ಅದಕ್ಕಿಂತ ಸುಲಭ, ಮಾತಿನ ಪರೀಕ್ಷೆ. ಕೆಲಸ ಮಾಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಸರಿ. ನಡುವೆ ಉಸಿರು ತೆಗೆದುಕೊಳ್ಳಬೇಕಾದರೆ ನಿಧಾನಿಸಿ. ಅದೇ ಬೀಟಾ ಬ್ಲಾಕರ್ ಮಾತ್ರೆಯಿಂದ, ಬಿಪಿ ಮಾತ್ರೆಗಳಿಂದ, ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದುಂಟು. ದೋಣಿಯಲ್ಲಿ ಬಗ್ಗಿ ಏಳುವುದೇ ಕೆಲಸ. ಬಿಸಿಲಿನಲ್ಲಿ ನೀರು ಕುಡಿಯದಿದ್ದರೆ ಇದು ಇಮ್ಮಡಿ.

ರಕ್ತ ತೆಳು ಮಾಡುವ ಮಾತ್ರೆಗಳ ಮಾತು ಇನ್ನೂ ಗಂಭೀರ. ಆಸ್ಪಿರಿನ್ ಬಹುತೇಕ ಎಲ್ಲರಿಗೂ ಇರುತ್ತದೆ. ಕೆಲವರಿಗೆ ಮೊದಲ ವರ್ಷ ಕ್ಲೊಪಿಡೋಗ್ರೆಲ್ ಕೂಡ. ಆಪರೇಷನ್ ಆದ ಮೊದಮೊದಲ ದಿನಗಳಲ್ಲಿ ಹೃದಯದ ಮೇಲ್ಕೋಣೆಗಳ ಲಯ ತಪ್ಪುವುದು ಸಾಮಾನ್ಯ. ಅದು ನಿಲ್ಲದಿದ್ದವರಿಗೆ ಇನ್ನೂ ಬಲವಾದ ಮಾತ್ರೆ ಸೇರುತ್ತದೆ. ಮೊದಲಾದರೆ ಬೂಮ್ ತಲೆಗೆ ಬಡಿದರೆ ಒಂದು ಬುಗುಟು, ಸ್ವಲ್ಪ ನಗು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಅದೇ ಏಟು ತಲೆಯೊಳಗಿನ ರಕ್ತಸ್ರಾವವಾಗಬಹುದು, ಅದೂ ಗಂಟೆಗಳ ನಂತರ ಗೊತ್ತಾಗಬಹುದು. ಹೆಲ್ಮೆಟ್ ಹಾಕಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ದೋಣಿಗೆ ಹೋಗುವ ದಿನ ಮಾತ್ರೆ ಬಿಡೋಣ ಎಂಬ ಉಪಾಯ ಮಾತ್ರ ಯಾರೂ ಮಾಡಕೂಡದು.

ಮನಸ್ಸು ಚೇತರಿಸಿಕೊಳ್ಳುವುದು ದೇಹದ ಲೆಕ್ಕಕ್ಕೆ ಸಿಗುವುದಿಲ್ಲ. ಬೈಪಾಸ್ ಆದವರಲ್ಲಿ ಹಲವರಿಗೆ ಕೆಲವು ವಾರ, ಕೆಲವು ತಿಂಗಳು ಮಂಕು ಕವಿಯುತ್ತದೆ. ನಿದ್ದೆ ಇಲ್ಲ, ಸಣ್ಣದಕ್ಕೂ ಕಣ್ಣೀರು, ಪೇಪರು ಹಿಡಿದರೆ ತಲೆಗೆ ಹತ್ತುವುದಿಲ್ಲ. ಮನೆಯವರಿಗೂ ಭಯ. 'ನೀರಿಗೆ ಬಿದ್ರೆ ಯಾರ್ರೀ ಎತ್ತೋದು? ಮಕ್ಕಳು ಒಬ್ರು ಪುಣೆ, ಒಬ್ರು ಡಲ್ಲಾಸ್. ನಾನೊಬ್ಳೇ ಏನ್ ಮಾಡ್ಲಿ?' ಎಂದು ಸುಬೇದಾರರ ಹೆಂಡತಿ ಕೇಳಿದ್ದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಐಸಿಯು ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆದವರು ಅವರು. ಅವರ ಭಯಕ್ಕೂ ಚಿಕಿತ್ಸೆ ಬೇಕು. ಪುನಶ್ಚೇತನದ ಮಾತುಕತೆಗೆ ಅವರನ್ನೂ ಕೂರಿಸಿಕೊಂಡರೆ ಅರ್ಧ ಭಯ ಇಳಿಯುತ್ತದೆ. ಬಕೆಟ್ಟಿಗೆ ನೀರು ಅಳೆದು ಹಾಕುವ ಕೆಲಸ ಕೊನೆಗೆ ಅವರದೇ ಆಯಿತು.

ನಮ್ಮ ದೇಶದಲ್ಲಿ ಇಂಥ ಪುನಶ್ಚೇತನ ಸಿಗುವುದು ಬೆರಳೆಣಿಕೆಯ ಜನಕ್ಕೆ. ದುಬಾರಿ ಯಂತ್ರಗಳೇ ಬೇಕೆಂದಿಲ್ಲ ಎಂದು ತೋರಿಸಿದ ದೊಡ್ಡ ಅಧ್ಯಯನ ನಮ್ಮಲ್ಲೇ ನಡೆದಿದೆ. ದೇಶದ 24 ಆಸ್ಪತ್ರೆಗಳಲ್ಲಿ, ಹಾರ್ಟ್ ಅಟ್ಯಾಕ್ ಆದ 3,959 ಜನರ ಮೇಲೆ ನಡೆದ ಯೋಗ-ಕೇರ್ ಪ್ರಯೋಗದ ವರದಿ 2020ರಲ್ಲಿ ಪ್ರಕಟವಾಯಿತು. ಯೋಗಾಸನ, ಉಸಿರಾಟ, ಬದುಕಿನ ಕ್ರಮದ ತಿಳಿವಳಿಕೆ ಸೇರಿಸಿ ರೂಪಿಸಿದ ಕಾರ್ಯಕ್ರಮ ಅದು. ಸಾವು ಮತ್ತು ಮರು ಆಸ್ಪತ್ರೆ ದಾಖಲಾತಿಯಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ಯೋಗದ ಗುಂಪಿನವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದರು, ಕಾಯಿಲೆಗೆ ಮುಂಚಿನ ಕೆಲಸಗಳಿಗೆ ಹೆಚ್ಚು ಮರಳಿದರು. ಇದು ಬೈಪಾಸ್ ಬಗ್ಗೆ ನಡೆದ ಅಧ್ಯಯನವಲ್ಲ. ಆದರೂ ಮರಳುವುದನ್ನೇ ಒಂದು ಫಲಿತಾಂಶವೆಂದು ಎಣಿಸಿ ಅಳೆದರಲ್ಲ, ಆ ನೋಟ ನನಗೆ ಮುಖ್ಯ.

ಮರಳಿದವರಲ್ಲಿ ಎರಡು ಬಗೆಯ ಉದಾಹರಣೆ ಸಿಗುತ್ತದೆ. ಬ್ರಿಟನ್ನಿನ ಸಾಹಸಿ ರನಲ್ಫ್ ಫಿಯೆನ್ಸ್ 2003ರ ಜೂನ್‌ನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬೈಪಾಸ್ ಮಾಡಿಸಿಕೊಂಡು, ಅದೇ ವರ್ಷದ ಕೊನೆಯೊಳಗೆ ಏಳು ದಿನಗಳಲ್ಲಿ ಏಳು ಖಂಡಗಳಲ್ಲಿ ಏಳು ಮ್ಯಾರಥಾನ್ ಓಡಿದರು. ಕೇಳಲು ರೋಮಾಂಚನ; ಅನುಸರಿಸಲು ಮಾದರಿಯಲ್ಲ. ನನಗೆ ಹತ್ತಿರವೆನಿಸುವುದು ಕೇರಳದ ಅಭಿಲಾಷ್ ಟಾಮಿ. ಅವರದು ಹೃದಯದ ತೊಂದರೆಯಲ್ಲ, ಬೆನ್ನುಮೂಳೆಯದು. 2018ರ ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಡುವೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿಯಿತು. ದೋಣಿಯೊಳಗೆ ಅಲುಗಾಡದೆ ಮಲಗಿದ್ದ ಅವರನ್ನು ಫ್ರೆಂಚ್ ಹಡಗೊಂದು ಎತ್ತಿತು. ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡು, ನಡೆಯುವುದನ್ನು ಮತ್ತೆ ಕಲಿತು, ನಾಲ್ಕು ವರ್ಷ ಬಿಟ್ಟು 2022ರಲ್ಲಿ ಅದೇ ಸ್ಪರ್ಧೆಗೆ ಇಳಿದು, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು. ಆ ನಾಲ್ಕು ವರ್ಷದ ತಾಳ್ಮೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಾಯಿ ಎಂದರೆ ಶ್ರೀಮಂತರ ಶೋಕಿ ಎಂದು ಯಾರಾದರೂ ಅಂದುಕೊಂಡಿದ್ದರೆ ಕರ್ನಾಟಕದ ಸಂದರ್ಭದಲ್ಲಿ ಅದು ಪೂರ್ತಿ ನಿಜವಲ್ಲ. ಸೇನೆಯ ಎಂಜಿನಿಯರ್ ದಳದವರು 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಹೊರಟು ಭೂಮಿ ಸುತ್ತಿ 1987ರ ಜನವರಿಯಲ್ಲಿ ಮರಳಿದಾಗ, ಅದು ಭಾರತೀಯರ ಮೊದಲ ಅಂಥ ಯಾನವಾಗಿತ್ತು. ಹಲಸೂರು ಕೆರೆಯಲ್ಲಿ ಹಾಯಿ ಕಲಿತವರೆಂದರೆ ಬಹುಮಟ್ಟಿಗೆ ಸಿಪಾಯಿಗಳು. ಕೃಷ್ಣರಾಜಸಾಗರದಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಹಾಯಿ ಹಿಡಿದ ಕೇಳಪಂಡ ಚೆಂಗಪ್ಪ ಗಣಪತಿ ಚೆನ್ನೈಯಲ್ಲಿ ಬೆಳೆದವರಾದರೂ ಮನೆತನದಿಂದ ಕೊಡವರು.

ಆದರೆ 'ಯಾವಾಗ ದೋಣಿ ಏರಲಿ?' ಎಂಬ ಪ್ರಶ್ನೆ ಹೆಚ್ಚು ಸುಡುವುದು ಕರಾವಳಿಯಲ್ಲಿ. ಮಲ್ಪೆಯಲ್ಲೋ ಮಂಗಳೂರು ಬಂದರಿನಲ್ಲೋ ಬಲೆ ಎಳೆಯುವವನಿಗೆ ಅದು ವಿಹಾರವಲ್ಲ, ಅನ್ನ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ, ಆಮೇಲಿನ ಆರೋಗ್ಯ ಯೋಜನೆಗಳು ರೈತರಿಗೂ ಬಡವರಿಗೂ ಹೃದಯದ ಆಪರೇಷನ್ನನ್ನು ಎಟುಕಿಸಿದವು. ಆಪರೇಷನ್ನಿಗೆ ಹಣ ಸಿಕ್ಕಿತು. ಆಮೇಲಿನ ಮೂರು ತಿಂಗಳಿಗೆ ಸಿಗಲಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನ ವಿಶ್ರಾಂತಿಗೆ ಒದಗಿತು ಅಂದುಕೊಂಡರೂ, ಎದೆಮೂಳೆಗೆ ಅಷ್ಟು ಸಾಲದು. ಆಗಸ್ಟ್ ಒಂದಕ್ಕೆ ಬೋಟು ಹೊರಟಾಗ ಅವನು ದಡದಲ್ಲಿ ಉಳಿಯಬೇಕೆಂದರೆ ಮನೆಗೆ ಅಕ್ಕಿ ಬರುವ ದಾರಿ ಇರಬೇಕು. ಮಾರುಕಟ್ಟೆಯಲ್ಲಿ ಮೂಟೆ ಹೊರುವವನಿಗೂ, ನೇಗಿಲು ಹಿಡಿಯುವವನಿಗೂ ಇದೇ ಮಾತು. ಆ ವಾರಗಳ ಕೂಲಿಯನ್ನು ಚಿಕಿತ್ಸೆಯ ಭಾಗವೆಂದೇ ಯೋಜನೆಗಳು ಲೆಕ್ಕ ಹಿಡಿಯಬೇಕು. ಇಲ್ಲದಿದ್ದರೆ ಲಕ್ಷಗಟ್ಟಲೆ ಖರ್ಚು ಮಾಡಿ ಬಿಗಿದ ತಂತಿ ಒಂದು ಬಲೆಯ ಎಳೆತಕ್ಕೆ ಸಡಿಲವಾಗುತ್ತದೆ.

ಒಳನಾಡಿನಲ್ಲಿ ಹಾಯಿದೋಣಿಗೆ ಮರಳುವವರಿಗೆ ಋತುವೂ ನೋಡಿಕೊಳ್ಳಬೇಕಾದ ವಿಷಯ. ಆಷಾಢದ ಗಾಳಿ ಹಾಯಿದೋಣಿಯವರಿಗೆ ಹಬ್ಬ, ಹೊಸದಾಗಿ ಕೂಡಿದ ಎದೆಗೆ ಅಲ್ಲ. ಚಳಿಗಾಲದ ಆಪರೇಷನ್ ಆಗಿದ್ದರೆ ಜೂನ್ ಹೊತ್ತಿಗೆ ಮೂಳೆಯೇನೋ ಕೂಡಿರುತ್ತದೆ, ಆದರೆ ಗಾಳಿ ಬಿರುಸಾಗಿರುತ್ತದೆ. ಮಳೆಗಾಲ ಇಳಿಯಲಿ ಎಂದು ಕಾಯುವುದು ಮೇಲು. ಹಲಸೂರು ಕೆರೆಯಂತೆ ಕಟ್ಟಡಗಳು ಸುತ್ತುವರಿದ ನೀರಿನಲ್ಲಿ ಗಾಳಿ ಯಾವ ಸಂದಿಯಿಂದ ನುಗ್ಗುತ್ತದೆಂದು ಹೇಳಲಾಗದು. ಹಿನ್ನೀರಿನ ಬಯಲಿನಲ್ಲಿ ಬರುವ ಗಾಳಿ ನೀರಿನ ಮೇಲೆ ಕಪ್ಪಾಗಿ ಕಾಣಿಸುತ್ತಾ ಬರುತ್ತದೆ, ತಯಾರಾಗಲು ಸಮಯ ಸಿಗುತ್ತದೆ. ಉತ್ತರಹಳ್ಳಿಯಿಂದ ಕೆಂಗೇರಿ ದಾರಿ ಹಿಡಿದು ಮೈಸೂರು ರಸ್ತೆಗೆ ಸೇರಿಕೊಳ್ಳುವ ಪ್ರಯಾಣದಲ್ಲಿ ಕಾರು ಬೇರೆಯವರು ಓಡಿಸಲಿ, ಸೀಟ್ ಬೆಲ್ಟಿಗೂ ಎದೆಗೂ ನಡುವೆ ಒಂದು ಸಣ್ಣ ದಿಂಬಿರಲಿ.

ಮೊದಲ ಸಲ ಒಂಟಿ ದೋಣಿ ಬೇಡ, ಇಬ್ಬರ ದೋಣಿಯೇ ಇರಲಿ. ಶೀಟ್ ಜೊತೆಗಾರರ ಕೈಯಲ್ಲಿ, ಚುಕ್ಕಾಣಿ ನಿಮ್ಮ ಕೈಯಲ್ಲಿ. ಮಗುಚಿದರೆ ದೋಣಿ ಎತ್ತುವ ಕೆಲಸ ಅವರದು. ನೀವು ಅಂಚು ಹಿಡಿದು ತೇಲುತ್ತಿದ್ದು, ಎಂಜಿನ್ ದೋಣಿ ಬಂದಾಗ ಅದರ ಹಿಂದಿನ ಮೆಟ್ಟಿಲಿನಿಂದ ಹತ್ತಬೇಕು. ಹಾಗಾಗಿ ಎಂಜಿನ್ ದೋಣಿ ನೀರಿನಲ್ಲಿ ಇಲ್ಲದ ದಿನ ಹೋಗಲೇಬಾರದು. ಜೊತೆಗಾರರಿಗೆ ಮೂರು ಸಂಗತಿ ಮುಂಚೆಯೇ ತಿಳಿಸಿರಬೇಕು: ಯಾವ ಯಾವ ಮಾತ್ರೆ ನಡೆಯುತ್ತಿವೆ, ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದರೆ ಅದು ಯಾವ ಜೇಬಿನಲ್ಲಿದೆ, ಎದೆನೋವು, ತಲೆಸುತ್ತು ಎಂದರೆ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ಶೀಟ್ ಬಿಟ್ಟುಬಿಡಬೇಕು. ಹಗ್ಗ ಬಿಟ್ಟ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಲ್ಲುತ್ತದೆ. ಆಗ ಸೀಟಿ ಊದಿ ಎಂಜಿನ್ ದೋಣಿ ಕರೆಯಬೇಕು, ದಡದಲ್ಲಿರುವವರು 108ಕ್ಕೆ ಫೋನ್ ಮಾಡಬೇಕು. ಮೊಬೈಲು, ಮಾತ್ರೆ, ಡಿಸ್ಚಾರ್ಜ್ ಹಾಳೆಯ ಒಂದು ಜೆರಾಕ್ಸ್, ಮೂರೂ ನೀರು ಹೋಗದ ಒಂದೇ ಚೀಲದಲ್ಲಿ, ಲೈಫ್ ಜಾಕೆಟ್ಟಿಗೆ ಕಟ್ಟಿರಬೇಕು. ಸುಬೇದಾರರ ಚೀಲದಲ್ಲಿ ಇನ್ನೊಂದು ಚೀಟಿಯೂ ಇದೆ. ಹೆಂಡತಿ ಬರೆದದ್ದು, ಬೆಳಗಿನ ಮಾತ್ರೆ ಎಷ್ಟು ಗಂಟೆಗೆ ಕೊಟ್ಟರು ಎಂದು.